ಮಗು ತಾನೇ ಕೂತು ಆಡಬೇಕಾದರೆ ಮನೆಯಲ್ಲಿ ಏನು ಬದಲಾಗಬೇಕು? (1ರಿಂದ 4 ವರ್ಷ)

ಹೊಂಗೆನೆರಳು:
ಎಲ್ಲ ಕಡೆ ಕಾಣುವಂಥ ಒಂದು ಮನೆ ತಗೊಳ್ಳೋಣ. ಒಂದೂಮುಕ್ಕಾಲು ವರ್ಷದ ಮಗು, ಹತ್ತು-ಹನ್ನೆರಡು ಅಡಿಯ ಹಾಲ್, ಪಕ್ಕದಲ್ಲೇ ಅಡುಗೆಮನೆ, ಮನೆಯಲ್ಲಿ ಅಜ್ಜಿಯೂ ಇದ್ದಾರೆ. ಬುಟ್ಟಿ ತುಂಬ ಆಟಿಕೆ. ಆದರೂ ಅಮ್ಮ ಎದ್ದರೆ ಮಗು ಹಿಂದೆಯೇ. ಕುಕ್ಕರ್ ಇಡುವಷ್ಟರಲ್ಲಿ ಕಾಲು ತಬ್ಬಿಕೊಂಡು ಅಳು, ಕೊನೆಗೆ ಮೊಬೈಲ್‌ನಲ್ಲಿ ರೈಮ್ಸ್. ‘ಆಡ್ಕೋ ಹೋಗು’ ಅಂದರೆ ಆಡುವುದಿಲ್ಲ. ಎಲ್ಲಿಂದ ಶುರು ಮಾಡಬೇಕು, ದಿನಕ್ಕೆ ಎಷ್ಟು ಹೊತ್ತು, ಯಾವ ಸಾಮಾನು ಕೊಡಬೇಕು, ಯಾವುದು ಅಪಾಯ? ಗೊತ್ತಿರುವವರು ವಿವರವಾಗಿ ಬರೆಯಿರಿ. ‘ಮಕ್ಕಳು ಹಾಗೇ, ದೊಡ್ಡವರಾದಾಗ ಸರಿ ಹೋಗ್ತಾರೆ’ ಅನ್ನೋ ಉತ್ತರ ಬೇಡ, ದಯವಿಟ್ಟು.

ಶಿಶುವಿಹಾರ:
‘ಆಡ್ಕೋ ಹೋಗು’ ಅನ್ನುವ ಮಾತಿನಲ್ಲೇ ತೊಡಕಿದೆ. ಆ ವಯಸ್ಸಿನ ಮಗುವಿಗೆ ಅದರಲ್ಲಿ ‘ಆಡು’ ಕೇಳಿಸುವುದಿಲ್ಲ, ‘ಹೋಗು’ ಮಾತ್ರ ಕೇಳಿಸುತ್ತದೆ. ತಳ್ಳಿದಷ್ಟೂ ಅಂಟಿಕೊಳ್ಳುತ್ತದೆ. ದೊಡ್ಡವರು ಅಲ್ಲೇ ಇರಬೇಕು, ಆಟಕ್ಕೆ ಮಾತ್ರ ಕೈ ಹಾಕಬಾರದು. ತಾನೇ ಆಡುವುದು ಶುರುವಾಗುವುದು ಹೀಗೆ.

ಮೊದಲು ಹೊತ್ತು ಆರಿಸಿ. ಹೊಟ್ಟೆ ತುಂಬಿರಬೇಕು, ನಿದ್ದೆ ಆಗಿರಬೇಕು. ಬೆಳಗಿನ ತಿಂಡಿ ಮುಗಿದ ಅರ್ಧ ಗಂಟೆಯ ನಂತರದ ಹೊತ್ತು ಹೆಚ್ಚಿನ ಮಕ್ಕಳಿಗೆ ಒಗ್ಗುತ್ತದೆ. ಸಂಜೆ ಆರರಿಂದ ಎಂಟರವರೆಗೆ ಮಗುವೂ ದಣಿದಿರುತ್ತದೆ, ನೀವೂ ದಣಿದಿರುತ್ತೀರಿ. ಅಡುಗೆಯ ಗಡಿಬಿಡಿಯಲ್ಲೇ ಅಭ್ಯಾಸ ಶುರು ಮಾಡಲು ಹೋಗುವುದರಿಂದಲೇ ಅರ್ಧಕ್ಕರ್ಧ ಮನೆಗಳಲ್ಲಿ ಇದು ಕೆಡುತ್ತದೆ. ಅಡುಗೆಯ ಹೊತ್ತು ಪರೀಕ್ಷೆ ಇದ್ದ ಹಾಗೆ. ಪಾಠ ಬೇರೆ ಹೊತ್ತಿನಲ್ಲಿ ಆಗಿರಬೇಕು.

ಮೊದಲ 10 ನಿಮಿಷ ಪೂರ್ತಿ ಮಗುವಿಗೆ. ಮೊಬೈಲ್ ಬೇರೆ ಕೋಣೆಯಲ್ಲಿರಲಿ, ನೀವು ನೆಲದ ಮೇಲೆ ಕೂತಿರಿ, ಏನು ಆಡಬೇಕೆಂದು ಮಗು ಹೇಳಲಿ. ಅದು ಕೈಯಲ್ಲಿರುವುದರಲ್ಲಿ ಮುಳುಗಿದ್ದು ಕಂಡಾಗ ಏಳಬೇಡಿ. ಕೂತಲ್ಲೇ ಕೂತು ಕೈ ಮಾತ್ರ ಹಿಂದೆ ತೆಗೆದುಕೊಳ್ಳಿ. ನಂತರ ಕೈಗೆ ಒಂದು ಸಪ್ಪೆ ಕೆಲಸ: ಒಗೆದ ಬಟ್ಟೆ ಮಡಚುವುದು, ಸೊಪ್ಪು ಬಿಡಿಸುವುದು. ಮೊಬೈಲ್ ನೋಡುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಸೊಪ್ಪು ಬಿಡಿಸುವವರು ಮಗು ತಲೆ ಎತ್ತಿದಾಗ ತಾವೂ ಎತ್ತುತ್ತಾರೆ, ಮೊಬೈಲ್ ನೋಡುವವರು ಎತ್ತುವುದಿಲ್ಲ. ಮಗು ಅದನ್ನು ಬೇಗ ಕಂಡುಹಿಡಿಯುತ್ತದೆ.

ಮೊದಲ ಮೂರು ದಿನ ಅದೇ ಜಾಗ, ಮಗುವಿನ ಪಕ್ಕ. ನಾಲ್ಕನೇ ದಿನದಿಂದ ಮೂರಡಿ ಹಿಂದೆ, ಗೋಡೆಗೆ ಒರಗಿ. ಒಂದು ವಾರದ ಹೊತ್ತಿಗೆ ಬಾಗಿಲ ಹತ್ತಿರ. ಆಮೇಲೆ ಹೇಳಿ ಎದ್ದುಹೋಗುವುದು: ‘ನೀರು ಕುಡಿದು ಬರ್ತೀನಿ.’ ನಿಜವಾಗಿ ನೀರನ್ನೇ ಕುಡಿಯಿರಿ, ಒಂದು ನಿಮಿಷದೊಳಗೆ ವಾಪಸ್ ಬನ್ನಿ, ಮಗು ಅಳುವ ಮುಂಚೆ. ಹೇಳಿದ ಹಾಗೆ ಬಂದರು ಎನ್ನುವುದು ಹತ್ತು-ಹದಿನೈದು ಸಲ ಆದ ಮೇಲೆ ಎರಡು ನಿಮಿಷ, ಐದು ನಿಮಿಷ. ಕದ್ದು ಹೋಗುವುದು ಮಾತ್ರ ಬೇಡವೇ ಬೇಡ. ಒಂದು ಸಲ ಕದ್ದು ಹೋದರೆ ಮುಂದಿನ ನಾಲ್ಕು ದಿನ ಮಗು ಆಡದೆ ನಿಮ್ಮನ್ನೇ ಕಾಯುತ್ತದೆ.

ಎಷ್ಟು ಹೊತ್ತು ಅಂದರೆ, ಒಂದು ವರ್ಷಕ್ಕೆ ಒಂದೇ ಪಟ್ಟಿಗೆ 5 ನಿಮಿಷ, ಎರಡಕ್ಕೆ 10ರಿಂದ 15, ಮೂರಕ್ಕೆ 20ರಿಂದ 30. ಇದು ಅಂದಾಜು. ಜ್ವರ, ಹಲ್ಲು ಬರುವುದು, ಊರಿಗೆ ಹೋಗಿ ಬಂದದ್ದು, ಮನೆಗೆ ಹೊಸ ಪಾಪು, ಯಾವುದಾದರೂ ಆದರೆ ಅರ್ಧಕ್ಕೆ ಇಳಿಯುತ್ತದೆ. ಆಗ ಮತ್ತೆ ಮೊದಲ ದಿನದ ಜಾಗಕ್ಕೇ ಹೋಗಿ ಕೂತುಕೊಳ್ಳಿ. ಈ ಸಲ ಹತ್ತು ದಿನ ಬೇಕಾಗುವುದಿಲ್ಲ, ಎರಡು-ಮೂರು ದಿನದಲ್ಲಿ ಹಳಿಗೆ ಬರುತ್ತದೆ.

ಬೆಳವಲ:
ಶಿಶುವಿಹಾರ ಅವರು ಹೇಳಿದ್ದರಾಗ ಒಂದು ಮಾತು ಸೇರಸ್ತೀನ್ರಿ. ಕೂಸು ಬ್ಯಾಸರಾಗಿ ಏಳೂದಕ್ಕಿಂತ ನಾವ ಎಬ್ಬಸೂದು ಹೆಚ್ಚು. ಅದು ಡಬ್ಬಿ ಮುಚ್ಚಳ ತಿರುವಿಕೋತ ಕುಂತಿರ್ತದ. ನಾವು ‘ಇದು ಯಾವ ಬಣ್ಣ? ಎಷ್ಟು ಅದಾವ ಎಣಿಸು? ಹಂಗಲ್ಲ, ಹಿಂಗ ಹಾಕು’ ಅಂತ ಶುರು ಮಾಡ್ತೀವಿ. ಕೂಸು ಮುಚ್ಚಳ ಬಿಟ್ಟು ನಮ್ಮ ಮಾರಿ ನೋಡ್ತದ. ಆಟ ಅಲ್ಲಿಗೆ ಮುಗೀತು. ‘ಶಾಣ್ಯಾ! ಭಾರಿ ಮಾಡೀದಿ!’ ಅಂತ ಚಪ್ಪಾಳಿ ಹೊಡದ್ರೂ ಅಷ್ಟ ರೀ. ಮುಂದಿನ ಸಲ ಅದು ಚಪ್ಪಾಳಿ ಸಲುವಾಗಿ ಆಡ್ತದ, ಚಪ್ಪಾಳಿ ಹೊಡಿಯೋರು ಇಲ್ಲಂದ್ರ ಆಟಾನೂ ಇಲ್ಲ.

ಮನ್ಯಾಗ ಅಜ್ಜಿ ಇದ್ರ ‘ನೀವು ಸುಮ್ಮನಿರ್ರಿ’ ಅಂತ ಹೇಳಬ್ಯಾಡ್ರಿ. ಮನಸ್ಸು ನೋಯ್ತದ, ಮತ್ತ ಸುಮ್ಮನ ಕುಂಡ್ರೂದು ಅವರಿಗೂ ಆಗೂದಿಲ್ಲ. ಅವರ ಕೈಗೆ ಕೆಲಸ ಕೊಡ್ರಿ. ಬತ್ತಿ ಹೊಸಿಯೂದು, ಹೂವು ಕಟ್ಟೂದು, ಮೆಂತ್ಯ ಪಲ್ಯೆ ಬಿಡಸೂದು. ಕೂಸು ಬಾಜೂಕ ಕುಂತು ತನ್ನಷ್ಟಕ್ಕ ತಾ ಆಡ್ತದ. ಈ ಕೆಲಸಕ್ಕ ಅಜ್ಜಿಗಿಂತ ಛೊಲೋ ಮಂದಿ ಸಿಗೂದಿಲ್ರಿ.

ಕೂಸು ಏನರ ತಂದು ತೋರಿಸಿದ್ರ ಕಂಡದ್ದನ್ನ ಹೇಳ್ರಿ: ‘ದೊಡ್ಡ ಡಬ್ಬಿಯೊಳಗ ಸಣ್ಣ ಡಬ್ಬಿ ಹೋತು.’ ಅಷ್ಟ ಸಾಕು, ಸಾಮಾನು ಅದರ ಕೈಯಾಗ ವಾಪಸ್ ಕೊಡ್ರಿ. ‘ನೀ ಮಾಡು’ ಅಂದ್ರ ಅರ್ಧ ಮಾಡಿ ಬಿಡ್ರಿ. ಮುಚ್ಚಳ ಪೂರ್ತಿ ತಗೀಬ್ಯಾಡ್ರಿ, ಸಡ್ಲ ಮಾಡಿ ಕೊಡ್ರಿ.

ಅರಗುಬಣ್ಣ:
ಆ ತುಂಬಿದ ಬುಟ್ಟಿಯ ಬಗ್ಗೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 18ರಿಂದ 30 ತಿಂಗಳ 36 ಮಕ್ಕಳನ್ನು ಒಮ್ಮೆ 4 ಆಟಿಕೆಗಳ ಜೊತೆ, ಇನ್ನೊಮ್ಮೆ 16 ಆಟಿಕೆಗಳ ಜೊತೆ ಆಡಲು ಬಿಟ್ಟರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು ಇದ್ದರು, ಅದೇ ಆಟಿಕೆಯನ್ನು ಹೆಚ್ಚು ಬಗೆಯಲ್ಲಿ ಆಡಿದರು. ಹದಿನಾರಿದ್ದಾಗ ಒಂದರಿಂದ ಒಂದಕ್ಕೆ ಹಾರಿದರು.

ಆದ್ದರಿಂದ ಬುಟ್ಟಿ ಅಟ್ಟಕ್ಕೆ ಹೋಗಲಿ. ನೆಲದಿಂದ ಒಂದೂವರೆ ಅಡಿ ಎತ್ತರದ ತೆರೆದ ಹಲಗೆಯ ಮೇಲೆ ಐದಾರು ವಸ್ತು, ನಡುವೆ ಜಾಗ ಬಿಟ್ಟು ಜೋಡಿಸಿ. ಹಲಗೆ ಇಲ್ಲದಿದ್ದರೆ ಗೋಡೆ ಪಕ್ಕ ಒಂದು ಚಾಪೆ ಸಾಕು. ಬುಟ್ಟಿಯಲ್ಲಿ ಮೇಲಿನದು ಮಾತ್ರ ಕಾಣುತ್ತದೆ, ಮಗು ಇಡೀ ಬುಟ್ಟಿ ಸುರಿದು ಎದ್ದು ಹೋಗುವುದು ಅದಕ್ಕೇ. ವಾರಕ್ಕೊಮ್ಮೆ ಎರಡು ವಸ್ತು ಬದಲಿಸಿ, ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಯಾವುದರ ಜೊತೆ ನಿನ್ನೆಯೂ ಆಡಿತ್ತೋ ಅದು ಅಲ್ಲೇ ಇರಲಿ.

ಯಾವ ವಸ್ತು? ಗುಂಡಿ ಒತ್ತಿದರೆ ತಾನೇ ಹಾಡಿ ಕುಣಿಯುವ ಬ್ಯಾಟರಿ ಆಟಿಕೆ ಬೇಡ. ಅಲ್ಲಿ ಆಡುವುದು ಆಟಿಕೆ, ನೋಡುವುದು ಮಗು. ಒಂದರೊಳಗೊಂದು ಕೂರುವ ಸ್ಟೀಲ್ ಡಬ್ಬಿಗಳು, ಮರದ ಸೌಟು, ಪಾವು-ಸೇರಿನ ಅಳತೆ ಪಾತ್ರೆ, ಇಡ್ಲಿ ತಟ್ಟೆ, ತೆಂಗಿನ ಕರಟ (ಅಂಚು ಉಜ್ಜಿ ನುಣುಪು ಮಾಡಿದ್ದು), ಎರಡು ಹಳೆ ದುಪಟ್ಟಾ, ಮುಚ್ಚಳ ತೆಗೆದು ಹಾಕಬಹುದಾದ ಖಾಲಿ ಡಬ್ಬಿ. ಮರದ ದಿಮ್ಮಿಗಳಾದರೆ ಹತ್ತರಿಂದ ಶುರು ಮಾಡಿ, ಮೂರು ವರ್ಷದ ಮೇಲೆ ಮೂವತ್ತು-ನಲವತ್ತಕ್ಕೆ ಏರಿಸಿ. ಕಟ್ಟುವ ಮಗುವಿಗೆ ದಿಮ್ಮಿ ಕಡಿಮೆ ಬಿದ್ದರೆ ಆಟ ಅರ್ಧಕ್ಕೆ ನಿಲ್ಲುತ್ತದೆ. ನಾಲ್ಕು ಸಾಕು ಅನ್ನುವ ಲೆಕ್ಕ ಬಗೆಗಳಿಗೆ, ದಿಮ್ಮಿಗಳಿಗೆ ಅನ್ವಯಿಸಬೇಡಿ.

ಕೊಂಡು ತರುವವರಿಗೆ ಒಂದು ವಿಷಯ. 2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವವಕ್ಕೂ ಭೌಗೋಳಿಕ ಸೂಚಿಕೆ (ಊರಿನ ಹೆಸರಿನ ಮೇಲೆ ಸಿಗುವ ಜಿಐ ಮಾನ್ಯತೆ) ಪಡೆದವಕ್ಕೂ ವಿನಾಯಿತಿ ಇದೆ. ಹಾಗಾಗಿ ಅಸಲಿ ಚನ್ನಪಟ್ಟಣದ ಆಟಿಕೆಯ ಮೇಲೆ ಗುರುತು ಇಲ್ಲದಿರಬಹುದು. ಹಾಲೆ ಮರ, ಅರಗಿನ ಬಣ್ಣ ಒಳ್ಳೆಯವೇ. ಆದರೆ ಸಣ್ಣ ಮಣಿ, ಕಳಚುವ ಗಾಲಿ ಇವೆಯೇ ಎಂದು ಎಳೆದು ನೋಡಿ ತರಬೇಕಾದವರು ನೀವೇ.

ಹಳೇಬೇರು:
ಈಗ ಕೆಲವರು ತಟ್ಟೆ ತುಂಬ ಅಕ್ಕಿ, ಬೇಳೆಗೆ ಬಣ್ಣ ಹಾಕಿ ಮಕ್ಕಳ ಮುಂದೆ ಸುರಿಯುತ್ತಾರೆ. ಧಾನ್ಯ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಗಳಲ್ಲಿ ಇದು ಒಪ್ಪುವ ಮಾತಲ್ಲ. ಹಿಂದಿನವರು ಮಕ್ಕಳನ್ನು ಮರಳಲ್ಲಿ, ಮಣ್ಣಲ್ಲಿ ಬಿಡುತ್ತಿದ್ದರು. ಅನ್ನವನ್ನೇ ಆಟದ ಸಾಮಾನು ಮಾಡುವ ಅಗತ್ಯ ಇದೆಯೇ?

ಶಿಶುವಿಹಾರ:
ಹಿರಿಯರೇ, ಅಗತ್ಯ ಇಲ್ಲ. ಮಗುವಿಗೆ ಬೇಕಾದದ್ದು ತುಂಬುವುದು, ಸುರಿಯುವುದು. ಅದಕ್ಕೆ ನೀರಿದೆ, ಮರಳಿದೆ. ಅಕ್ಕಿ ಬಳಸುವ ಮನೆಗಳೂ ಮೂರು ವರ್ಷದೊಳಗೆ ಬಳಸದಿದ್ದರೆ ಒಳ್ಳೆಯದು. ಮೂಗಿಗೆ ತುರುಕಿಕೊಳ್ಳುವ ವಯಸ್ಸು ಅದು. ಕಡಲೆ, ಬಟಾಣಿ ಮೂಗಿನ ತೇವಕ್ಕೆ ಊದಿಕೊಂಡು ತೆಗೆಯುವುದೇ ಕಷ್ಟವಾಗುತ್ತದೆ.

ನೀರಾಟ ಹೀಗೆ. ಅಗಲವಾದ ಬೋಗುಣಿ, ಅದರಲ್ಲಿ ಅರ್ಧ ಲೀಟರ್ ನೀರು, ಒಂದು ಲೋಟ, ಒಂದು ಸಣ್ಣ ಚೊಂಬು, ಒಂದು ಚಹಾ ಸೋಸುವ ಜಾಲರಿ. ಕೆಳಗೆ ದಪ್ಪ ಟವೆಲ್ ಮಡಚಿ ಹಾಸಿ. ಬೆಡ್‌ಶೀಟ್ ಜಾರುತ್ತದೆ. ನೀರು ಚೆಲ್ಲಿ ಮುಗಿದರೆ ಆಟ ಮುಗಿಯಿತು, ಮತ್ತೆ ತುಂಬುವುದು ಬೇಡ. ಒರೆಸಲು ಮಗುವಿನ ಕೈಗೂ ಒಂದು ತುಂಡು ಬಟ್ಟೆ ಕೊಡಿ. ಹೆಚ್ಚಿನ ಮಕ್ಕಳಿಗೆ ಒರೆಸುವುದೂ ಅಷ್ಟೇ ಇಷ್ಟದ ಆಟ. ನೀರಾಟದ ಹೊತ್ತಿನಲ್ಲಿ ದೊಡ್ಡವರು ಕೈಗೆಟಕುವ ದೂರದಲ್ಲೇ ಇರಬೇಕು. ಮೇಲೆ ಹೇಳಿದ ‘ಎದ್ದು ಹೋಗಿ ಬರುವುದು’ ಇದಕ್ಕೆ ಇಲ್ಲ.

ಹಿಟ್ಟಿನಾಟಕ್ಕೆ 1 ಕಪ್ ಮೈದಾ, ಅರ್ಧ ಕಪ್ ಪುಡಿ ಉಪ್ಪು, 1 ದೊಡ್ಡ ಚಮಚ ಎಣ್ಣೆ, ಬಿಸಿನೀರು ಸುಮಾರು ಅರ್ಧ ಕಪ್. ನೀರು ಸ್ವಲ್ಪ ಸ್ವಲ್ಪವೇ ಹಾಕಿ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಿ. ಕೈಗಂಟಿದರೆ ಇನ್ನೊಂದು ಚಮಚ ಮೈದಾ. ಬೀಟ್‌ರೂಟ್ ನೀರು ಹಾಕಿದರೆ ಗುಲಾಬಿ ಬಣ್ಣ. ಅರಿಶಿನ ಚೆನ್ನಾಗಿ ಕಾಣುತ್ತದೆ, ಆದರೆ ಬಟ್ಟೆಯ ಕಲೆ ಹೋಗುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಫ್ರಿಜ್‌ನಲ್ಲಿ ಇಟ್ಟರೆ ಎರಡು ವಾರ ಬರುತ್ತದೆ. ಎಲ್ಲವನ್ನೂ ಬಾಯಿಗೆ ಹಾಕುವ ಮಗುವಿಗೆ ಇದನ್ನು ಕೊಡಬೇಡಿ, ಅಷ್ಟು ಉಪ್ಪು ಒಳಗೆ ಹೋಗಬಾರದು. ಅವರಿಗೆ ಉಪ್ಪಿಲ್ಲದ ಚಪಾತಿ ಹಿಟ್ಟಿನ ಒಂದು ಉಂಡೆ ಸಾಕು, ಅದೇ ದಿನ ಎಸೆಯಿರಿ. ಗಣಪತಿ ಹಬ್ಬದ ಹೊತ್ತಿಗೆ ಜೇಡಿಮಣ್ಣು ಸುಲಭವಾಗಿ ಸಿಗುತ್ತದೆ. ಎರಡು ಕಿಲೋ ತಂದು ಒದ್ದೆ ಗೋಣಿ ಸುತ್ತಿಟ್ಟರೆ ವಾರಗಟ್ಟಲೆ ಆಡಬಹುದು.

ಮಡಿಲು:
ಆಡುವ ಜಾಗ ಸುರಕ್ಷಿತ ಇಲ್ಲದಿದ್ದರೆ ಮೇಲೆ ಬರೆದದ್ದು ಯಾವುದೂ ನಡೆಯುವುದಿಲ್ಲ. ಐದು ನಿಮಿಷಕ್ಕೆ ಹತ್ತು ಸಲ ‘ಬೇಡ, ಮುಟ್ಟಬೇಡ’ ಅನ್ನಬೇಕಾದ ಕೋಣೆಯಲ್ಲಿ ಮಗು ಆಟ ಕಲಿಯುವುದಿಲ್ಲ, ನಿಮ್ಮ ಮುಖ ನೋಡುವುದನ್ನು ಕಲಿಯುತ್ತದೆ. ಆದ್ದರಿಂದ ಇಡೀ ಮನೆಗಿಂತ ಒಂದು ಮೂಲೆಯನ್ನು, ಆರು-ಎಂಟು ಅಡಿ, ‘ಬೇಡ’ ಅನ್ನುವ ಅಗತ್ಯವೇ ಇಲ್ಲದಂತೆ ಮಾಡಿ. ನೀವೇ ಮಂಡಿಯೂರಿ ಅಂಬೆಗಾಲಿಟ್ಟು ಒಂದು ಸುತ್ತು ಬನ್ನಿ. ನಿಂತಾಗ ಕಾಣದ ವೈರು, ಮಂಚದ ಕೆಳಗಿನ ನಾಣ್ಯ, ಸೋಫಾದ ಸಂದಿನ ಮಾತ್ರೆ ಆಗ ಕಾಣುತ್ತವೆ.

ಮೂರು ವರ್ಷದೊಳಗಿನವರ ಆಟಿಕೆಯ ಪರೀಕ್ಷೆಗೆ 3.17 ಸೆಂ.ಮೀ. ಅಗಲದ ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ಯಾವುದೂ ಆ ವಯಸ್ಸಿಗೆ ಸಲ್ಲದು. ಮನೆಯಲ್ಲಿ ಸ್ಕೇಲ್ ಹಿಡಿದು 4 ಸೆಂ.ಮೀ. ಅಂತ ಗಟ್ಟಿ ಮಾಡಿಕೊಳ್ಳಿ. ಚೆಂಡು ಇನ್ನೂ ದೊಡ್ಡದಿರಬೇಕು, 4.5 ಸೆಂ.ಮೀ.ಗಿಂತ ಹೆಚ್ಚು, ಯಾಕೆಂದರೆ ಗುಂಡಗಿನದು ಗಂಟಲನ್ನು ಬಿರಡೆಯಂತೆ ಮುಚ್ಚಿಬಿಡುತ್ತದೆ. ಗೋಲಿ, ಹುಣಸೆ ಬೀಜ, ಕಡಲೆಕಾಯಿ ಬೀಜ ಯಾವುದೂ ಬೇಡ. ಆಡುತ್ತಾ ತಿನ್ನುವುದೂ ಬೇಡ. ಓಡಾಡುವ ಮಗುವಿನ ಬಾಯಲ್ಲಿರುವ ಕಡಲೆಬೀಜ ಶ್ವಾಸನಾಳಕ್ಕೆ ಇಳಿಯುವುದು ನಮ್ಮಲ್ಲಿ ಸಾಮಾನ್ಯ.

ಗುಲಗಂಜಿ ಬಗ್ಗೆ ಒತ್ತಿ ಹೇಳುತ್ತೇನೆ. ಅಳಗುಳಿ ಮಣೆಗೆ ಅಂತ ಹಲವು ಮನೆಗಳಲ್ಲಿ ಡಬ್ಬಿ ತುಂಬ ಇರುತ್ತದೆ, ಕೆಂಪು-ಕಪ್ಪು ನೋಡಲು ಚೆಂದ. ಅಗಿದರೆ, ಒಡೆದಿದ್ದರೆ ಅಥವಾ ಪೋಣಿಸಲು ತೂತು ಮಾಡಿದ್ದರೆ ಅದರ ವಿಷ ಜೀವ ತೆಗೆಯುವಂಥದ್ದು. ಹರಳು ಬೀಜವೂ ಅದೇ. ಅಂಗಳದಲ್ಲಿ ಆಡುವ ಮಕ್ಕಳಿದ್ದರೆ ಕಣಗಿಲೆ, ಉಮ್ಮತ್ತಿ ಗಿಡ ಕೈಗೆ ಸಿಗದಂತೆ ನೋಡಿ.

ಗುಂಡಿ ಬ್ಯಾಟರಿ (ನಾಣ್ಯದಂತೆ ಚಪ್ಪಟೆಯಾದ ಸಣ್ಣ ಸೆಲ್) ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿ ಎರಡೇ ಗಂಟೆಯಲ್ಲಿ ಸುಟ್ಟಗಾಯ ಮಾಡಬಲ್ಲದು. ಸದ್ದು ಮಾಡುವ ಅಗ್ಗದ ಆಟಿಕೆ, ರಿಮೋಟು, ಮಿನುಗುವ ಚಪ್ಪಲಿ, ಇವುಗಳ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ.

ಬಚ್ಚಲುಮನೆ ಬಾಗಿಲಿಗೆ ಮೇಲುಗಡೆ ಚಿಲಕ ಹಾಕಿಸಿ. ತಲೆಕೆಳಗಾಗಿ ಬಿದ್ದ ಮಗುವಿಗೆ ಬಕೆಟ್‌ನಲ್ಲಿ ನಾಲ್ಕು ಬೆರಳು ನೀರಿದ್ದರೂ ಅಪಾಯ. ನೀರು ಹಿಡಿದಿಡುವ ಊರುಗಳಲ್ಲಿ ಡ್ರಮ್‌ಗೆ ಮುಚ್ಚಳ, ಮುಚ್ಚಳದ ಮೇಲೆ ಭಾರ. ಕಿಟಕಿ, ಬಾಲ್ಕನಿ ಸರಳುಗಳ ಸಂದು 10 ಸೆಂ.ಮೀ. ಮೀರಬಾರದು. ಅವುಗಳ ಹತ್ತಿರ ಕುರ್ಚಿ, ಸ್ಟೂಲ್ ಇಡಬಾರದು.

ಮಂಜುಬೆಟ್ಟ:
ಚಳಿ ದೇಶಗಳಲ್ಲಿ ಇರುವವರಿಗೆ ಒಂದು ಸೇರಿಕೆ: ನಾಲ್ಕು ತಿಂಗಳು ಮಕ್ಕಳು ಒಳಗೇ ಇರುವುದರಿಂದ ಕಪಾಟು ಹತ್ತುವುದು ಹೆಚ್ಚು. ಬಟ್ಟೆಯ ಡ್ರಾಯರು, ಟೀವಿ ಸ್ಟ್ಯಾಂಡುಗಳನ್ನು ಗೋಡೆಗೆ ಪಟ್ಟಿ ಹಾಕಿ ಬಿಗಿಯಲೇಬೇಕು. ಗೋಡೆ ಟೊಳ್ಳು ಹಲಗೆಯದ್ದಾದರೆ ಸ್ಕ್ರೂ ಒಳಗಿನ ಮರದ ಕಂಬಕ್ಕೇ ಹೋಗಬೇಕು, ಬರೀ ಹಲಗೆಗೆ ಹಾಕಿದ್ದು ಮಗು ನೇತಾಡಿದರೆ ಕಿತ್ತು ಬರುತ್ತದೆ.

ಹೊಂಗೆನೆರಳು:
ಎಲ್ಲರಿಗೂ ಧನ್ಯವಾದ. ಎರಡು ಪ್ರಶ್ನೆ ಉಳಿದಿದೆ. ಅಡುಗೆ ಹೊತ್ತಿನ ಮೊಬೈಲ್ ಬಿಡಿಸುವುದು ಹೇಗೆ? ಇನ್ನು ಆರೇಳು ತಿಂಗಳ ಮಕ್ಕಳಿಗೂ ಇದೆಲ್ಲ ಅನ್ವಯಿಸುತ್ತದೆಯೇ, ಅಥವಾ ಅವರಿಗೆ ವಾಕರ್ ಸಾಕೇ?

ಮಡಿಲು:
ವಾಕರ್ ಬೇಡ. ಗಾಲಿ ಇರುವ ವಾಕರ್ ಮಾರಾಟವನ್ನು ಕೆನಡಾ 2004ರಲ್ಲೇ ನಿಷೇಧಿಸಿತು, ಮುಖ್ಯ ಕಾರಣ ಮೆಟ್ಟಿಲಿಂದ ಉರುಳುವುದು. ಅದು ನಡಿಗೆಯನ್ನು ಬೇಗ ಕಲಿಸುವುದೂ ಇಲ್ಲ. ಬುಡಾಪೆಸ್ಟ್‌ನ ಮಕ್ಕಳ ವೈದ್ಯೆ ಎಮ್ಮಿ ಪಿಕ್ಲರ್ 1946ರಿಂದ ಲೋಚಿ ಬೀದಿಯ ಶಿಶುಗೃಹ ನಡೆಸಿದರು. ಮಗು ತಾನಾಗಿ ತಲುಪದ ಭಂಗಿಯಲ್ಲಿ ಅದನ್ನು ಇಡಬಾರದು ಅನ್ನುವುದು ಅಲ್ಲಿನ ನಿಯಮ. ಕೂರಲು ಬಾರದ ಮಗುವನ್ನು ದಿಂಬು ಒರಗಿಸಿ ಕೂರಿಸಿದರೆ ಅದು ಆಟಿಕೆ ಉರುಳಿದಾಗ ಹಿಂದೆ ಹೋಗಲಾರದು, ಅಳುತ್ತದೆ, ನೀವು ಎತ್ತಿಕೊಡಬೇಕು. ಅದೇ ಮಗು ಚಾಪೆಯ ಮೇಲೆ ಬೆನ್ನ ಮೇಲಿದ್ದರೆ ಮಗುಚಿಕೊಂಡು ತಾನೇ ಹೋಗಿ ಹಿಡಿಯುತ್ತದೆ. ಚಾಪೆ, ಗಂಟು ಹಾಕಿದ ಒಂದು ಹತ್ತಿ ಕರವಸ್ತ್ರ, ಒಂದು ಮರದ ಬಳೆ ಗಿಲಕಿ. ಆರೇಳು ತಿಂಗಳ ಮಗುವಿಗೆ ಇಷ್ಟು ಸಾಕು. ದಿನಕ್ಕೆ ಎರಡು ಸಲ, ಹತ್ತಿರ ನೀವಿರಿ.

ಶಿಶುವಿಹಾರ:
ಮೊಬೈಲ್‌ಗೆ: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವಂತೆ ಎರಡು ವರ್ಷ ತುಂಬುವವರೆಗೆ ಪರದೆ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಭಾರತದ ಮಕ್ಕಳ ತಜ್ಞರ ಅಕಾಡೆಮಿಯೂ ಎರಡು ವರ್ಷದೊಳಗೆ ಬೇಡ ಅನ್ನುತ್ತದೆ.

ನಡುವೆ ಕಸಿದುಕೊಂಡರೆ ಜಗಳವೇ ಆಗುತ್ತದೆ. ಮೊದಲು ಹತ್ತು ದಿನ ಬೆಳಗಿನ ಅಭ್ಯಾಸ ಗಟ್ಟಿಯಾಗಲಿ. ಆಮೇಲೆ ಒಂದು ದಿನ ಗೊತ್ತು ಮಾಡಿ, ಅಡುಗೆಯ ಹೊತ್ತಿಗೆ ಮೊಬೈಲ್ ಕಣ್ಣಿಗೇ ಬೀಳದಂತೆ ಎತ್ತಿಡಿ. ಅಂದು ಸುಲಭದ ಅಡುಗೆ ಇರಲಿ, ಒಂದು ಅನ್ನ, ಒಂದು ಸಾರು. ಒಲೆಗೆ ದೂರದ ಕೆಳಗಿನ ಕಪಾಟು ಖಾಲಿ ಮಾಡಿ ಮಗುವಿನದ್ದು ಮಾಡಿ: ನಾಲ್ಕು ಡಬ್ಬಿ, ಒಂದು ಸೌಟು, ಒಂದು ಜರಡಿ. ಇವು ಅಡುಗೆಯ ಹೊತ್ತಿನಲ್ಲಿ ಮಾತ್ರ ಹೊರಬರಬೇಕು, ಇಡೀ ದಿನ ಸಿಕ್ಕರೆ ಸಂಜೆಗೆ ಸಪ್ಪೆಯಾಗಿರುತ್ತವೆ. ನೆಲಕ್ಕೆ ಬಣ್ಣದ ಟೇಪ್ ಅಂಟಿಸಿ ಗಡಿ ಮಾಡಿ, ಒಲೆಯಿಂದ ಮೂರಡಿ. ಕುಕ್ಕರ್, ಒಗ್ಗರಣೆಯ ಹೊತ್ತಿಗೆ ಅಜ್ಜಿ ಹಾಲ್‌ನಲ್ಲಿ ಹಿಡಿದುಕೊಳ್ಳಲಿ. ಮೊದಲ ನಾಲ್ಕೈದು ದಿನ ಅಳು ಇರುತ್ತದೆ. ಮೂರನೇ ದಿನ ಸೋತು ಮೊಬೈಲ್ ಕೊಟ್ಟರೆ ‘ಇಷ್ಟು ಅತ್ತರೆ ಸಿಗುತ್ತದೆ’ ಎಂಬ ಲೆಕ್ಕ ಮಗುವಿಗೆ ಸಿಕ್ಕಿಬಿಡುತ್ತದೆ.

ತೊದಲು:
ಇಲ್ಲಿಯವರೆಗೆ ಯಾರೂ ಹೇಳದ ಒಂದು ವಿಷಯ. ‘ನಮ್ಮ ಮಗು ಗಂಟೆಗಟ್ಟಲೆ ತಾನೇ ಆಡ್ತದೆ, ತೊಂದರೆನೇ ಇಲ್ಲ’ ಅನ್ನುವವರು ಸ್ವಲ್ಪ ನಿಂತು ನೋಡಬೇಕು. ಚೆನ್ನಾಗಿ ಆಡುವ ಮಗು ನಡುನಡುವೆ ತಲೆ ಎತ್ತಿ ನಿಮ್ಮನ್ನು ನೋಡುತ್ತದೆ, ಏನನ್ನಾದರೂ ತಂದು ತೋರಿಸುತ್ತದೆ, ಹೆಸರು ಕರೆದರೆ ತಿರುಗುತ್ತದೆ. ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸುವುದಿಲ್ಲ, ಕರೆದರೆ ತಿರುಗುವುದಿಲ್ಲ, ಕಾರಿನ ಗಾಲಿಯನ್ನೇ ತಿರುಗಿಸುತ್ತಾ ಕೂರುತ್ತದೆ, ಆಡುತ್ತಿದ್ದ ಮಾತು ನಿಂತಿದೆ, ಇಂಥದ್ದು ಕಂಡರೆ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ, ಜೊತೆಗೆ ಬೆಳವಣಿಗೆಯ ತಪಾಸಣೆ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ. ದೂರವಾದರೆ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಲ್ಲಿಗೇ ಬಂದು ಮಕ್ಕಳನ್ನು ನೋಡುತ್ತದೆ.

ಹಳೇಬೇರು:
ನೀರಾಟದ ವಿವರ ಹಿಡಿಸಿತು. ನಾಲ್ಕು ವರ್ಷದ ಅಕ್ಕ, ಒಂದು ವರ್ಷದ ತಮ್ಮ ಇರುವ ಮನೆಯಲ್ಲಿ ಹೇಗೆ? ದೊಡ್ಡದು ಕಟ್ಟಿದ್ದನ್ನು ಚಿಕ್ಕದು ಕೆಡವುತ್ತದೆ, ‘ಪಾಪು ಕಣೇ, ಬಿಡು’ ಅಂತ ದೊಡ್ಡದಕ್ಕೇ ಹೇಳುತ್ತೇವೆ.

ಬೆಳವಲ:
ಹಂಗ ಹೇಳಬ್ಯಾಡ್ರಿ. ದಿನಾ ಕೆಡವಿಸಿಕೊಂಡ ಅಕ್ಕ ಕಟ್ಟೂದನ್ನ ಬಿಟ್ಟಬಿಡ್ತಾಳ. ಅಕ್ಕನ ಆಟ ನೆಲದಿಂದ ಮ್ಯಾಲೆ ಏರಿಸ್ರಿ. ಊಟದ ಮೇಜು ಇದ್ರ ಅದರ ಮ್ಯಾಲೆ, ಇಲ್ಲಂದ್ರ ದಿವಾನದ ಮ್ಯಾಲೆ ಒಂದು ಹಲಗಿ ಇಟ್ಟು. ಮಣಿ, ಸಣ್ಣ ದಿಮ್ಮಿ ಇರೂದೂ ಅಲ್ಲೇ, ತಮ್ಮನ ಬಾಯಿಗೆ ಸಿಗಂಗಿಲ್ಲ. ತಮ್ಮ ಮಲಗಿದ ಹೊತ್ತು ನೆಲ ಪೂರ್ತಿ ಅಕ್ಕಂದು. ಕಟ್ಟಿದ್ದನ್ನ ‘ಎತ್ತಿಡು’ ಅನಬ್ಯಾಡ್ರಿ, ಮರುದಿನದ ತನಕ ಹಂಗ ಬಿಡ್ರಿ. ಮುಂಜಾನೆ ಎದ್ದು ಹಲ್ಲು ತಿಕ್ಕೂಕಿಂತ ಮೊದಲು ಸೀದಾ ಅಲ್ಲಿಗೇ ಹೋಗಿ, ನಿನ್ನೆ ಬಿಟ್ಟಲ್ಲಿಂದ ಕಟ್ಟಾಕ ಕುಂಡ್ರತಾಳ.